ಡ್ಯಾಂ ನೆರೆ ತಡೆಯುವುದಿಲ್ಲ. ಮನೆಯ ಮಟ್ಟ ನೀವೇ ಅಳೆದುಕೊಳ್ಳಿ

ನನ್ನ ತಮ್ಮ ಬೆಂಗಳೂರಿನ ಕೆಲಸ ಬಿಟ್ಟು ಊರಿಗೆ ಬಂದ. ಪಾಲಿಗೆ ಬಂದ ಜಾಗದಲ್ಲಿ ಮನೆ ಕಟ್ಟಬೇಕೆಂದು ಹೊರಟ. ಅವನು ಆರಿಸಿದ್ದು ಹೊಳೆ ಬದಿಯ ಗದ್ದೆ ಏರಿ. ತೋಟಕ್ಕೆ ಹತ್ತಿರ, ಬಾವಿಗೆ ಹತ್ತಿರ, ಮಣ್ಣು ಅಗೆಯುವ ಕೆಲಸವೂ ಇಲ್ಲ. ಮೇಸ್ತ್ರಿ ಬಂದು ದಾರ ಹಿಡಿಯುವ ದಿನವೂ ಗೊತ್ತಾಗಿತ್ತು.

"ಅಲ್ಲಿಗೆ ನೀರು ಬರ್ತದೆ ಮಾರಾಯ" ಅಂದೆ.

"ಮೇಲೆ ಇಷ್ಟು ದೊಡ್ಡ ಡ್ಯಾಂ ಇದೆಯಲ್ಲ ಅಣ್ಣ, ಅವರು ನೀರು ಹಿಡ್ಕೊಳ್ತಾರೆ" ಅಂದ.

ಅವನನ್ನು ಬೈದು ಪ್ರಯೋಜನವಿಲ್ಲ. 2019ರ ಆಗಸ್ಟ್‌ವರೆಗೆ ನಾನೂ ಹಾಗೆಯೇ ತಿಳಿದವನು. ಗಾಜನೂರಿನ ಅಣೆಕಟ್ಟಿನ ಕೆಳಗೆ ಮನೆ ಮಾಡಿಕೊಂಡು ಇಷ್ಟು ವರ್ಷವಾದರೂ ಆ ಅಣೆಕಟ್ಟು ಏನು ಮಾಡುತ್ತದೆ, ಏನು ಮಾಡುವುದಿಲ್ಲ ಎಂಬ ಲೆಕ್ಕ ಹಾಕಿರಲಿಲ್ಲ. ಆ ವರ್ಷದ ಆಶ್ಲೇಷಾ ಮಳೆ ಲೆಕ್ಕ ಕಲಿಸಿತು. ರಾತ್ರಿ ಜಗಲಿಯ ಮೆಟ್ಟಿಲಿಗೆ ಬಂದ ನೀರು ಬೆಳಗಾಗುವಾಗ ಒಳಗೆ ಮೊಣಕಾಲಿನ ಮೇಲಿತ್ತು. ಬೆಲೆ ಏರಲಿ ಎಂದು ಇಟ್ಟಿದ್ದ ರಾಶಿ ಅಡಿಕೆಯ 11 ಮೂಟೆಗಳಲ್ಲಿ 7 ನೆನೆದು ಹೋದವು. ಹಳೆಯ ಮಣ್ಣಿನ ಗೋಡೆಯ ಕೊಟ್ಟಿಗೆ ಕುಸಿಯಿತು. ದನಗಳ ಹಗ್ಗ ಬಿಚ್ಚಿದ್ದರಿಂದ ಅವು ಉಳಿದವು. ಅದೇ ಹೊತ್ತಿಗೆ ಶಿವಮೊಗ್ಗ ಪೇಟೆಯಲ್ಲಿ ಹೊಳೆ ಬದಿಯ ಬಡಾವಣೆಗಳ ಜನ ಮನೆ ಬಿಟ್ಟು ಪರಿಹಾರ ಕೇಂದ್ರಗಳಲ್ಲಿದ್ದರು.

ಆಮೇಲೆ ನಾನು ತಿಳಿದುಕೊಂಡ ಮೂರು ವಿಷಯಗಳನ್ನು ಇಲ್ಲಿ ಬರೆಯುತ್ತಿದ್ದೇನೆ. ಡ್ಯಾಮಿನ ಲೆಕ್ಕ, ಮನೆಯ ಮಟ್ಟದ ಲೆಕ್ಕ, ವಿಮೆಯ ಲೆಕ್ಕ. ತುಂಗೆ, ಭದ್ರೆಯ ಬದಿಯಲ್ಲಿರುವವರಿಗೆ ನೇರವಾಗಿ, ಬೇರೆ ಹೊಳೆಯವರಿಗೆ ಸ್ವಲ್ಪ ಬದಲಾಯಿಸಿಕೊಂಡು ಉಪಯೋಗಕ್ಕೆ ಬಂದೀತು.

ಒಂಬತ್ತು ಗಂಟೆಯ ಡ್ಯಾಂ

ಪತ್ರಿಕೆಯಲ್ಲಿ ಬರುವ 'ಕ್ಯೂಸೆಕ್', 'ಟಿಎಂಸಿ' ಎಂಬ ಎರಡು ಮಾತು ಮೊದಲು ಗೊತ್ತಿರಬೇಕು. ಸೆಕೆಂಡಿಗೆ ಒಂದು ಘನ ಅಡಿ ನೀರು ಹರಿದರೆ ಒಂದು ಕ್ಯೂಸೆಕ್. ಸುಮಾರು 28 ಲೀಟರ್. ನೂರು ಕೋಟಿ ಘನ ಅಡಿ ನೀರು ಕೂಡಿದರೆ ಒಂದು ಟಿಎಂಸಿ. ಕ್ಯೂಸೆಕ್ ಹರಿಯುವ ನೀರಿನ ಅಳತೆ, ಟಿಎಂಸಿ ನಿಂತ ನೀರಿನ ಅಳತೆ.

ಗಾಜನೂರಿನ ತುಂಗಾ ಜಲಾಶಯದ ಸಾಮರ್ಥ್ಯ 3.24 ಟಿಎಂಸಿ. ಪೂರ್ಣ ಮಟ್ಟ ಸಮುದ್ರ ಮಟ್ಟದಿಂದ 588.24 ಮೀಟರ್. 22 ಗೇಟುಗಳಿವೆ. ನೋಡಲು ದೊಡ್ಡದು, ನಿಜ. ಆದರೆ ಇದನ್ನು ಕಟ್ಟಿದ್ದು ನೀರನ್ನು ಎತ್ತರಿಸಿ ನಾಲೆಗೆ ತಿರುಗಿಸಲಿಕ್ಕೆ. ಮೊದಲಿದ್ದ ಹಳೆಯ ಆಣೆಕಟ್ಟಿನ ಕೆಲಸವೂ ಅದೇ, ತುಂಗಾ ಮೇಲ್ದಂಡೆ ಯೋಜನೆಯಲ್ಲಿ ಎದ್ದ ಈ ಹೊಸದರ ಕೆಲಸವೂ ಅದೇ. ಇಲ್ಲಿಂದ ನಾಲೆ ದಾವಣಗೆರೆ, ಹಾವೇರಿ ಜಿಲ್ಲೆಗಳವರೆಗೆ ಹೋಗುತ್ತದೆ. ನೆರೆ ಹಿಡಿದಿಡುವ ಹೊಟ್ಟೆ ಇದಕ್ಕಿಲ್ಲ.

ಲೆಕ್ಕ ನೋಡಿ. ಒಂದು ದಿನಕ್ಕೆ 86,400 ಸೆಕೆಂಡು. ಹೊಳೆಯಲ್ಲಿ 1 ಲಕ್ಷ ಕ್ಯೂಸೆಕ್ ಬರುತ್ತಿದೆ ಅಂದರೆ ಒಂದು ದಿನದಲ್ಲಿ 8.64 ಟಿಎಂಸಿ ನೀರು ಬಂತು. 3.24 ಟಿಎಂಸಿಯ ಡ್ಯಾಂ ಪೂರ್ತಿ ಖಾಲಿಯಿದ್ದರೂ ಆ ನೀರಿಗೆ 9 ಗಂಟೆಯಲ್ಲಿ ತುಂಬಿಹೋಗುತ್ತದೆ. ಅರ್ಧದಷ್ಟು, ಅಂದರೆ 50 ಸಾವಿರ ಕ್ಯೂಸೆಕ್ ಬಂದರೆ 18 ಗಂಟೆ. ಮಳೆಗಾಲದಲ್ಲಿ ಇದು ಖಾಲಿ ಇರುವುದೂ ಇಲ್ಲ. ರಾಜ್ಯದಲ್ಲಿ ಎಲ್ಲಕ್ಕಿಂತ ಮೊದಲು ತುಂಬುವ ಜಲಾಶಯಗಳಲ್ಲಿ ಇದೊಂದು. ಒಮ್ಮೆ ತುಂಬಿತೆಂದರೆ ಮೇಲಿಂದ ಎಷ್ಟು ಬರುತ್ತದೋ ಅಷ್ಟನ್ನೂ ಕೆಳಗೆ ಬಿಡಲೇಬೇಕು.

ಇದೇ ಲೆಕ್ಕ ಇನ್ನೊಂದು ತಪ್ಪು ತಿಳಿವಳಿಕೆಯನ್ನೂ ತಿದ್ದುತ್ತದೆ. "ಡ್ಯಾಂ ಬಿಟ್ಟರು, ಅದಕ್ಕೇ ನೆರೆ ಬಂತು" ಎಂದು ನಾವು ದೂರುವುದುಂಟು. ಗೇಟು ಎತ್ತಿದ ಹೊತ್ತಿಗೆ ನೀರು ಬೇಗ ಏರಬಹುದು. ಆದ್ದರಿಂದ ಮುನ್ಸೂಚನೆ ಸರಿಯಾಗಿ ಕೊಡಿ ಎಂದು ಕೇಳುವ ಹಕ್ಕು ನಮಗಿದೆ. ಆದರೆ ದಿನವಿಡೀ ನಿಲ್ಲುವ ನೆರೆಗೆ ಬೇಕಾದ ನೀರು ಈ ಡ್ಯಾಮಿನ ಒಳಗಿಲ್ಲ. ಅದು ಗಂಗಾಮೂಲದಿಂದ ಶೃಂಗೇರಿ, ತೀರ್ಥಹಳ್ಳಿ, ಮಂಡಗದ್ದೆ ದಾಟಿ ಬಂದ ಮಳೆ ನೀರು. ನಮ್ಮ ನೆರೆ ಹುಟ್ಟುವುದು ಘಟ್ಟದಲ್ಲಿ.

ಭದ್ರೆಯ ಕಥೆ ಬೇರೆ

ಭದ್ರಾವತಿಯವರು ಇದೇ ಲೆಕ್ಕವನ್ನು ಹಾಗೆಯೇ ಹಾಕಬಾರದು. ಲಕ್ಕವಳ್ಳಿಯ ಭದ್ರಾ ಜಲಾಶಯದ ಸಾಮರ್ಥ್ಯ ಸುಮಾರು 71.5 ಟಿಎಂಸಿ, ಪೂರ್ಣ ಮಟ್ಟ 186 ಅಡಿ. ಅದು ಖಾಲಿಯಿದ್ದಾಗ 1 ಲಕ್ಷ ಕ್ಯೂಸೆಕ್ ನೀರನ್ನು ಲೆಕ್ಕಕ್ಕೆ ಎಂಟು ದಿನ ಹಿಡಿದಿಡಬಲ್ಲದು. ಹಾಗಾಗಿ ಜೂನ್, ಜುಲೈಯಲ್ಲಿ ಘಟ್ಟದಲ್ಲಿ ಎಷ್ಟೇ ಮಳೆ ಹೊಡೆದರೂ ಭದ್ರಾವತಿಯಲ್ಲಿ ಹೊಳೆ ಶಾಂತವಾಗಿರಬಹುದು.

ಅಪಾಯ ಇರುವುದೂ ಅಲ್ಲೇ. ಜಲಾಶಯ 186 ಅಡಿಯ ಹತ್ತಿರ ಬಂದ ಮೇಲೆ ಅದೂ ಗಾಜನೂರಿನ ಹಾಗೆಯೇ, ಬಂದದ್ದನ್ನು ಬಿಡಬೇಕು. ಆಗ ಕವಲಗುಂದಿಯಂತಹ ತಗ್ಗು ಜಾಗಕ್ಕೆ ನೀರು ನುಗ್ಗುತ್ತದೆ, ಭದ್ರಾವತಿಯ ತಗ್ಗಿನ ಸೇತುವೆಯ ಮೇಲೆ ನೀರು ಹರಿಯುತ್ತದೆ. ಅಂದರೆ ತುಂಗೆಯವರು ಮಳೆಗಾಲ ಪೂರ್ತಿ ಎಚ್ಚರ ಇರಬೇಕು. ಭದ್ರೆಯವರು ಜಲಾಶಯ ತುಂಬುತ್ತಾ ಬಂದ ಹಾಗೆ ಎಚ್ಚರ ಹೆಚ್ಚಿಸಬೇಕು. ಮಳೆಗಾಲದ ಕೊನೆಯ ಮಳೆ ಅವರಿಗೆ ಹೆಚ್ಚು ಅಪಾಯ.

ಪತ್ರಿಕೆಯ ಅಂಕಿ ಓದುವುದು ಹೇಗೆ?

ಮಳೆಗಾಲದಲ್ಲಿ ದಿನಪತ್ರಿಕೆಗಳು ಜಲಾಶಯಗಳ ಮಟ್ಟ, ಒಳಹರಿವು, ಹೊರಹರಿವು ಕೊಡುತ್ತವೆ. ತುಂಗೆಯ ಮುಂದೆ 588.24 ಎಂದು ನೋಡಿ "ಡ್ಯಾಂ ತುಂಬಿದೆ" ಅಂದುಕೊಳ್ಳುವುದರಿಂದ ನಮಗೆ ಏನೂ ತಿಳಿಯುವುದಿಲ್ಲ. ಮಳೆಗಾಲದ ಹೆಚ್ಚಿನ ದಿನ ಅದು ಅಷ್ಟೇ ಇರುತ್ತದೆ. ನೋಡಬೇಕಾದ್ದು ಹೊರಹರಿವು. ಅದಕ್ಕಿಂತ ಮುಖ್ಯವಾಗಿ ನಿನ್ನೆಗಿಂತ ಇವತ್ತು ಎಷ್ಟು ಏರಿದೆ ಎಂಬುದು.

ನಾನು ಒಂದು ನೋಟ್ ಪುಸ್ತಕ ಇಟ್ಟಿದ್ದೇನೆ. ಒಂದು ಬದಿ ಡ್ಯಾಮಿನ ಹೊರಹರಿವು, ಇನ್ನೊಂದು ಬದಿ ನಮ್ಮ ಪಂಪ್‌ಸೆಟ್ ಮನೆಯ ಗೋಡೆಯಲ್ಲಿ ನೀರು ಎಲ್ಲಿತ್ತು ಎಂಬ ಅಳತೆ. ಗೋಡೆಗೆ ಬಣ್ಣದಲ್ಲಿ ಅಡಿ, ಅರ್ಧ ಅಡಿಯ ಗೆರೆ ಎಳೆದಿದ್ದೇನೆ. ಎರಡು ಮಳೆಗಾಲ ಹೀಗೆ ಬರೆದರೆ 'ಇಷ್ಟು ಸಾವಿರ ಕ್ಯೂಸೆಕ್ ಬಿಟ್ಟರೆ ನಮ್ಮಲ್ಲಿ ಇಷ್ಟನೇ ಗೆರೆ' ಎಂದು ಹೇಳಲು ಬರುತ್ತದೆ. ಶಿವಮೊಗ್ಗದ ಜನಕ್ಕೆ ಇಂಥ ಒಂದು ಗುರುತು ಹಿಂದಿನಿಂದಲೂ ಇದೆ. ಕೋರ್ಪಲಯ್ಯನ ಛತ್ರದ ಬಳಿ ಹೊಳೆಯಲ್ಲಿರುವ ಮಂಟಪ. "ಮಂಟಪ ಮುಳುಗಿತಂತೆ" ಅಂದರೆ ಊರಿಗೆ ಊರೇ ಹೊಳೆ ನೋಡಲು ಹೋಗುತ್ತದೆ. ನಮ್ಮ ಮನೆಗೂ ಒಂದು ಮಂಟಪ ಬೇಕು, ಅಷ್ಟೆ.

ಡ್ಯಾಮಿನ ಅಂಕಿಗಿಂತ ಮೊದಲೇ ಸಿಗುವ ಸುದ್ದಿ ಮಳೆಯದ್ದು. ಹವಾಮಾನ ಇಲಾಖೆಯ ಲೆಕ್ಕದಲ್ಲಿ 24 ಗಂಟೆಯಲ್ಲಿ 64.5ರಿಂದ 115.5 ಮಿಲಿಮೀಟರ್ ಭಾರಿ ಮಳೆ, 204.4ರವರೆಗೆ ಅತಿ ಭಾರಿ, ಅದಕ್ಕೂ ಮೇಲೆ ಹೋದರೆ ಅತ್ಯಂತ ಭಾರಿ. ಹಳದಿ, ಕಿತ್ತಳೆ, ಕೆಂಪು ಎಚ್ಚರಿಕೆ ಕೊಡುವುದು ಇದರ ಮೇಲೆ. ಗಾಜನೂರಿನಲ್ಲಿ ಬಿಸಿಲಿದ್ದರೂ ಆಗುಂಬೆ, ಶೃಂಗೇರಿ ಕಡೆ ಎರಡು ದಿನ ಸೇರಿ ಅತಿ ಭಾರಿ ಮಳೆ ಎಂದಿದ್ದರೆ ನಾನು ಆ ರಾತ್ರಿ ಮೋಟಾರಿನ ಸ್ಟಾರ್ಟರ್ ಬಿಚ್ಚಿ ಮೇಲಿಡುತ್ತೇನೆ. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಗ್ರಾಮ ಪಂಚಾಯ್ತಿ ಮಟ್ಟದಲ್ಲೇ ಮಳೆಮಾಪಕ ಇಟ್ಟಿದೆ. ಘಟ್ಟದಲ್ಲಿ ನೆಂಟರಿದ್ದರೆ ಅವರಿಗೊಂದು ಫೋನ್ ಮಾಡುವುದು ಇನ್ನೂ ಸುಲಭ.

'ನೂರು ವರ್ಷದ ನೆರೆ' ಅಂದರೇನು?

2019 ಆದ ಮೇಲೆ ನಮ್ಮ ಕಡೆ ಕೇಳಿದ ಮಾತು: "ಇಂಥ ನೆರೆ ಬರುವುದು ನೂರು ವರ್ಷಕ್ಕೊಮ್ಮೆ. ಬಂದಾಯ್ತು. ಇನ್ನು ನಮ್ಮ ಕಾಲಕ್ಕಿಲ್ಲ."

ಇದು ತಪ್ಪು. ಎಂಜಿನಿಯರುಗಳು ನೂರು ವರ್ಷದ ನೆರೆ ಅನ್ನುವುದು ಯಾವುದೇ ಒಂದು ವರ್ಷ ಬರುವ ಸಾಧ್ಯತೆ ನೂರಕ್ಕೆ ಒಂದು ಇರುವ ನೆರೆಗೆ. ಹೊಳೆ ಕ್ಯಾಲೆಂಡರ್ ನೋಡುವುದಿಲ್ಲ. ಈ ವರ್ಷ ಬಂದರೂ ಮುಂದಿನ ವರ್ಷ ಬರುವ ಸಾಧ್ಯತೆ ಮತ್ತೆ ನೂರಕ್ಕೆ ಒಂದೇ. ಹಾಗೆಂದು ಅದು ಸಣ್ಣದಲ್ಲ. ಕಟ್ಟಿದ ಮನೆಯಲ್ಲಿ 30 ವರ್ಷ ಇರುತ್ತೇವೆ ಅಂದುಕೊಂಡರೆ, ಆ ಅವಧಿಯಲ್ಲಿ ಒಮ್ಮೆಯಾದರೂ ಅಂಥ ನೆರೆ ಕಾಣುವ ಸಾಧ್ಯತೆ ನೂರಕ್ಕೆ 26. ನಾಲ್ಕು ಮನೆಗಳಲ್ಲಿ ಒಂದು ಅಂದ ಹಾಗೆ. 25 ವರ್ಷದ ನೆರೆಯಾದರೆ, ಅಂದರೆ ವರ್ಷಕ್ಕೆ ನೂರಕ್ಕೆ ನಾಲ್ಕರ ಸಾಧ್ಯತೆಯದ್ದು, ಅದೇ 30 ವರ್ಷದಲ್ಲಿ ನೂರಕ್ಕೆ 71. ತಮ್ಮನಿಗೆ ಈ ಲೆಕ್ಕ ಹೇಳಿದಾಗ ಮೊದಲ ಸಲ ಸುಮ್ಮನಾದ. "ಬಾಳೆಗಿಡ ನೆಡುವವನು ಒಂದು ವರ್ಷದ ಲೆಕ್ಕ ಹಾಕ್ತಾನೆ, ಮನೆ ಕಟ್ಟುವವನು ಮೂವತ್ತು ವರ್ಷದ್ದು ಹಾಕಬೇಕಲ್ಲ" ಅಂದೆ.

ವಲಯದ ನಕ್ಷೆ ಎಲ್ಲಿದೆ?

ಅಮೆರಿಕದಲ್ಲಿ 1968ರಿಂದ ಸರ್ಕಾರದ ನೆರೆ ವಿಮೆ ಯೋಜನೆ ಇದೆ. ಅಲ್ಲಿ ಊರೂರಿನ ನೆರೆ ನಕ್ಷೆ ಮಾಡಿದ್ದಾರೆ. ನೂರಕ್ಕೆ ಒಂದರ ಸಾಧ್ಯತೆಯ ಗೆರೆಯ ಒಳಗೆ ಮನೆಯಿದ್ದು, ಸರ್ಕಾರದ ಹತೋಟಿಯ ಬ್ಯಾಂಕಿನಿಂದ ಸಾಲ ತೆಗೆದರೆ ನೆರೆ ವಿಮೆ ಕಡ್ಡಾಯ. ಸಾಮಾನ್ಯ ಗೃಹವಿಮೆಯಲ್ಲಿ ಅಲ್ಲಿ ನೆರೆ ಸೇರುವುದಿಲ್ಲ, ಅದಕ್ಕೆ ಬೇರೆ ಪಾಲಿಸಿಯೇ ಬೇಕು.

ನಮ್ಮಲ್ಲಿ ಹೆಚ್ಚು ಕಡಿಮೆ ಇದರ ತದ್ವಿರುದ್ಧ. ಗೃಹವಿಮೆಯಲ್ಲಿ ನೆರೆ ಸೇರಿದೆ, ಆದರೆ ಹೊಳೆ ಬದಿಯ ರೈತ ಕೈಯಲ್ಲಿ ಹಿಡಿದು ನೋಡುವಂಥ ನಕ್ಷೆ ಇಲ್ಲ. ನೆರೆ ಬಯಲನ್ನು ವಲಯವಾಗಿ ಗುರುತಿಸುವ ಮಾದರಿ ಮಸೂದೆಯನ್ನು ಕೇಂದ್ರ ಸರ್ಕಾರ 1975ರಲ್ಲೇ ರಾಜ್ಯಗಳಿಗೆ ಕಳಿಸಿತ್ತು. ಮಣಿಪುರ, ರಾಜಸ್ಥಾನ, ಉತ್ತರಾಖಂಡದಂತಹ ಕೆಲವೇ ರಾಜ್ಯಗಳು ಕಾನೂನು ಮಾಡಿದವು. ಕರ್ನಾಟಕ ಆ ಪಟ್ಟಿಯಲ್ಲಿಲ್ಲ.

ರಾಷ್ಟ್ರೀಯ ವಿಪತ್ತು ನಿರ್ವಹಣಾ ಪ್ರಾಧಿಕಾರ 2008ರಲ್ಲಿ ಕೊಟ್ಟ ನೆರೆ ಮಾರ್ಗಸೂಚಿಯಲ್ಲಿ ಒಂದು ಸರಳ ಕ್ರಮವಿದೆ. ಆಸ್ಪತ್ರೆ, ವಿದ್ಯುತ್ ಕೇಂದ್ರದಂತಹವು ನೂರು ವರ್ಷದ ನೆರೆ ಮಟ್ಟದ ಅಥವಾ ಈವರೆಗೆ ಕಂಡ ಅತಿ ಹೆಚ್ಚಿನ ಮಟ್ಟದ ಮೇಲಿರಬೇಕು. ವಾಸದ ಮನೆ, ಕಚೇರಿಗಳು 25 ವರ್ಷದ ನೆರೆ ಮಟ್ಟದ ಮೇಲಿರಬೇಕು. ಅಪಾಯದ ಜಾಗದಲ್ಲಿ ಕಟ್ಟಿದರೆ ಕಂಬದ ಮೇಲೆ ಎತ್ತರಿಸಬೇಕು. ಮೈದಾನ, ಉದ್ಯಾನ ತಗ್ಗಿನಲ್ಲಿದ್ದರೂ ಅಡ್ಡಿಯಿಲ್ಲ. ನಮ್ಮ ಭಾಷೆಯಲ್ಲಿ ಹೇಳುವುದಾದರೆ ತಗ್ಗಿನಲ್ಲಿ ಗದ್ದೆ, ನಡುವೆ ತೋಟ, ಏರಿನಲ್ಲಿ ಮನೆ. ಹಿಂದಿನವರು ಹೀಗೇ ಮಾಡಿದ್ದರು. ಹಳೆಯ ಮನೆಗಳು ಹೊಳೆಯಿಂದ ಎಷ್ಟು ಮೇಲಿವೆ ಎಂದು ಒಮ್ಮೆ ನೋಡಿ.

ಪೇಟೆಯ ಹತ್ತಿರ ಸೈಟು ಕೊಳ್ಳುವವರು ಶಿವಮೊಗ್ಗ-ಭದ್ರಾವತಿ ನಗರಾಭಿವೃದ್ಧಿ ಪ್ರಾಧಿಕಾರದಲ್ಲಿ ಮಹಾಯೋಜನೆಯ ನಕ್ಷೆ ಕೇಳಿ ನೋಡುವುದು ಒಳ್ಳೆಯದು. ಬೇಸಿಗೆಯಲ್ಲಿ ಸೈಟು ನೋಡಿ ಮುಂಗಡ ಕೊಡಬೇಡಿ. ಪಕ್ಕದ ಮನೆಯ ಹಿರಿಯರನ್ನು "2019ರಲ್ಲಿ ನೀರು ಎಲ್ಲಿಗೆ ಬಂದಿತ್ತು?" ಎಂದು ಕೇಳಿ. ಬ್ರೋಕರ್ ಹೇಳದ್ದನ್ನು ಅವರು ಹೇಳುತ್ತಾರೆ.

ಲೆವೆಲ್ ಪೈಪಿನ ನಕ್ಷೆ

ನಕ್ಷೆ ಇಲ್ಲದಿದ್ದರೆ ನಾವೇ ಮಾಡಿಕೊಳ್ಳಬೇಕು. ಬೇಕಾದ್ದು ಮೇಸ್ತ್ರಿಗಳ ಹತ್ತಿರ ಇರುವ ಲೆವೆಲ್ ಪೈಪು, ಅಂದರೆ ನೀರು ತುಂಬಿದ ಪಾರದರ್ಶಕ ಪೈಪು, ಒಂದು ಅಳತೆ ಟೇಪು, ನಾಲ್ಕಾರು ಗೂಟ, ಇಬ್ಬರು ಜನ.

ಮೊದಲು 2019ರ ನೀರಿನ ಗುರುತು ಹುಡುಕಿ. ಗೋಡೆಯ ಮೇಲಿನ ಕೆಸರಿನ ಗೆರೆ, ಮರದಲ್ಲಿ ಸಿಕ್ಕಿಕೊಂಡಿದ್ದ ಕಸ, ಮನೆಯವರ ನೆನಪು. ಒಂದನ್ನೇ ನಂಬಬೇಡಿ, ಎರಡು ಮೂರು ಕಡೆ ಹೊಂದಿಸಿ ನೋಡಿ. ನಮ್ಮಲ್ಲಿ ಅಡುಗೆಮನೆ ಗೋಡೆಯ ಗೆರೆ ಮತ್ತು ಪಕ್ಕದ ಮನೆಯ ಕಿಟಕಿಯ ಗುರುತು ಒಂದು ಇಂಚಿನೊಳಗೆ ಹೊಂದಿದವು.

ಆ ಗುರುತಿಗೆ ಪೈಪಿನ ಒಂದು ತುದಿಯ ನೀರನ್ನು ಹಿಡಿದರೆ ಇನ್ನೊಂದು ತುದಿಯ ನೀರೂ ಅದೇ ಮಟ್ಟದಲ್ಲಿ ನಿಲ್ಲುತ್ತದೆ. ಅಲ್ಲಿ ಗೂಟ ನೆಟ್ಟು ಗೆರೆ ಹಾಕಿ. ಮತ್ತೆ ಆ ಗೂಟದಿಂದ ಮುಂದಕ್ಕೆ. ಹೀಗೆ ಮಟ್ಟವನ್ನು ಹೊಸ ಜಾಗದವರೆಗೆ ಒಯ್ಯಬಹುದು. ಪೈಪಿನೊಳಗೆ ಗಾಳಿಗುಳ್ಳೆ ಇದ್ದರೆ ಲೆಕ್ಕ ತಪ್ಪುತ್ತದೆ. ಹೋದ ದಾರಿಯಲ್ಲೇ ವಾಪಸು ಅಳೆಯುತ್ತಾ ಬಂದು ಮೊದಲ ಗುರುತಿಗೆ ಹೊಂದುತ್ತದೆಯೇ ಎಂದು ನೋಡಲೇಬೇಕು. ಇನ್ನೊಂದು ಎಚ್ಚರ: ಹೊಳೆಯ ನೀರು ಇಳಿಜಾರಿನಲ್ಲಿ ಹರಿಯುವುದರಿಂದ ಒಂದು ಮೈಲಿ ಮೇಲಿನ ಗುರುತು ಕೆಳಗಿನವರಿಗೆ ಹೊಂದುವುದಿಲ್ಲ. ನಿಮ್ಮ ಜಾಗದ ನೇರಕ್ಕೆ, ಹತ್ತಿರದಲ್ಲಿರುವ ಗುರುತನ್ನೇ ಹಿಡಿಯಬೇಕು.

ನಾವು ತಮ್ಮನ ಜಾಗಕ್ಕೆ ಮಟ್ಟ ಒಯ್ದಾಗ ಕಂಡದ್ದು: ನೆಲ 2019ರ ನೀರಿಗಿಂತ 4 ಅಡಿ 2 ಇಂಚು ಕೆಳಗೆ. ಅವನು ತಳಪಾಯ ಎತ್ತರಿಸಬೇಕೆಂದಿದ್ದದ್ದು 2 ಅಡಿ. ಅಂದರೆ ಅದೇ ನೆರೆ ಮತ್ತೆ ಬಂದರೆ ಹೊಸ ಮನೆಯ ಹಾಲ್‌ನಲ್ಲಿ 2 ಅಡಿಗೂ ಹೆಚ್ಚು ನೀರು. 2019ರದ್ದೇ ಕೊನೆಯ ದೊಡ್ಡ ನೆರೆ ಎಂದು ಯಾರೂ ಬರೆದುಕೊಟ್ಟಿಲ್ಲ. ಆದ್ದರಿಂದ ಕಂಡ ಮಟ್ಟಕ್ಕಿಂತ ಕನಿಷ್ಠ 2 ಅಡಿ ಮೇಲೆ ಮನೆಯ ನೆಲ ಇರಲಿ ಎಂಬುದು ನನ್ನ ಲೆಕ್ಕ. ಹಾಗಾದರೆ ಅಲ್ಲಿ 6 ಅಡಿಗೂ ಮೇಲೆ ಎತ್ತರಿಸಬೇಕು. ಅಷ್ಟು ಮಣ್ಣು ತುಂಬಿದರೆ ನೀರು ಪಕ್ಕದವರ ಅಂಗಳಕ್ಕೆ ತಿರುಗುತ್ತದೆ, ಅದು ಬೇರೆ ಜಗಳ.

ಪರಿಹಾರ ಎಷ್ಟು ಬರುತ್ತದೆ?

"ನೆರೆ ಬಂದರೆ ಸರ್ಕಾರ ಕೊಡ್ತದೆ" ಎಂಬುದು ಎರಡನೆಯ ಭರವಸೆ. 2019ರಲ್ಲಿ ನೀರು ನುಗ್ಗಿದ ಮನೆಗಳಿಗೆ ತಕ್ಷಣಕ್ಕೆ 10,000 ರೂಪಾಯಿ ಸಿಕ್ಕಿತು. ಪೂರ್ತಿ ಮನೆ ಕಳಕೊಂಡವರಿಗೆ ರಾಜ್ಯ ಸರ್ಕಾರ 5 ಲಕ್ಷ ರೂಪಾಯಿ ಎಂದಿತು. ಆದರೆ ಅದು ಆ ವರ್ಷದ ಆದೇಶ. 2022ರಿಂದ 2026ರ ಮಾರ್ಚ್‌ವರೆಗಿನ ಅವಧಿಗೆ ಕೇಂದ್ರ ನಿಗದಿಪಡಿಸಿದ ಮೊತ್ತ ನೋಡಿ: ಬಯಲು ಪ್ರದೇಶದಲ್ಲಿ ಪೂರ್ತಿ ಬಿದ್ದ ಮನೆಗೆ 1.2 ಲಕ್ಷ, ಶೇಕಡಾ 15ರಷ್ಟಾದರೂ ಹಾನಿಯಾದ ಪಕ್ಕಾ ಮನೆಗೆ 6,500, ಮನೆಗೆ ಸೇರಿದ ಕೊಟ್ಟಿಗೆಗೆ 3,000 ರೂಪಾಯಿ. ಇದರ ಮೇಲೆ ರಾಜ್ಯ ಎಷ್ಟು ಸೇರಿಸುತ್ತದೆ ಎಂಬುದು ಆಯಾ ಸರ್ಕಾರಕ್ಕೆ, ಆಯಾ ವರ್ಷಕ್ಕೆ ಬಿಟ್ಟದ್ದು.

ಪರಿಹಾರ ಅಂದರೆ ಎದ್ದು ನಿಲ್ಲಲು ಕೊಡುವ ಕೈ. ಕಳಕೊಂಡದ್ದನ್ನು ತುಂಬಿಕೊಡುವುದು ಅದರ ಉದ್ದೇಶವಲ್ಲ. ಅದಕ್ಕೆ ಮನೆಯ ಕಾಗದಪತ್ರವೂ ಸರಿಯಿರಬೇಕು. ಕೃಷಿ ಜಮೀನಿನಲ್ಲಿ ಭೂಪರಿವರ್ತನೆ ಇಲ್ಲದೆ ಕಟ್ಟಿದ, ಪಂಚಾಯ್ತಿ ಖಾತೆಯಿಲ್ಲದ ಮನೆಯವರು ಪಂಚನಾಮೆ ಹೊತ್ತಿಗೆ ಪಡುವ ಪಾಡು ನಾನು ಕಣ್ಣಾರೆ ಕಂಡಿದ್ದೇನೆ.

ವಿಮೆ: ನಾನು ಮಾಡಿದ ತಪ್ಪು

ನನಗೆ ವಿಮೆ ಇತ್ತು ಎಂದೇ ತಿಳಿದಿದ್ದೆ. ಮನೆ ಸಾಲ ತೆಗೆದಾಗ ಬ್ಯಾಂಕಿನವರು ಒಂದು ಪಾಲಿಸಿ ಮಾಡಿಸಿದ್ದರು. ನೆರೆ ಇಳಿದ ಮೇಲೆ ಕಾಗದ ಹಿಡಿದು ಹೋದರೆ, ಸಾಲ ತೀರಿದ ವರ್ಷವೇ ಪಾಲಿಸಿಯೂ ಮುಗಿದಿತ್ತು. ಇದ್ದಾಗಲೂ ಅದು ಕಟ್ಟಡಕ್ಕೆ ಮಾತ್ರ, ಅದೂ ಸಾಲದ ಮೊತ್ತಕ್ಕೆ. ಒಳಗಿನ ಸಾಮಾನಿಗೆ ಇರಲೇ ಇಲ್ಲ. ಓದಿ ನೋಡದ್ದು ನನ್ನದೇ ತಪ್ಪು. ನಿಮ್ಮ ಪಾಲಿಸಿ ಪೆಟ್ಟಿಗೆಯಲ್ಲಿದ್ದರೆ ಇವತ್ತೇ ತೆಗೆದು ಮೂರು ವಿಷಯ ನೋಡಿ: ಯಾವ ದಿನಾಂಕದವರೆಗೆ, ಯಾವುದಕ್ಕೆ, ಎಷ್ಟಕ್ಕೆ.

ಈಗ ವಿಷಯ ಸ್ವಲ್ಪ ಸುಲಭವಾಗಿದೆ. ವಿಮಾ ನಿಯಂತ್ರಣ ಪ್ರಾಧಿಕಾರದ ಆದೇಶದಂತೆ 2021ರ ಏಪ್ರಿಲ್ 1ರಿಂದ 'ಭಾರತ್ ಗೃಹ ರಕ್ಷಾ' ಎಂಬ ಒಂದೇ ಮಾದರಿಯ ಪಾಲಿಸಿ ಬಂದಿದೆ. ಬೆಂಕಿ, ಸಿಡಿಲು, ಬಿರುಗಾಳಿ, ಭೂಕಂಪ, ಭೂಕುಸಿತದ ಜೊತೆ ನೆರೆಯೂ ಇದರಲ್ಲಿ ಸೇರಿದೆ. ಗೊತ್ತಿರಬೇಕಾದ ಮುಖ್ಯ ಅಂಶಗಳು ಇವು.

ಒಂದು, ವಿಮೆ ಜಾಗದ ಬೆಲೆಗಲ್ಲ, ಮತ್ತೆ ಕಟ್ಟುವ ಖರ್ಚಿಗೆ. ಮನೆಯ ಒಳಗಿನ ವಿಸ್ತೀರ್ಣವನ್ನು ಈಗಿನ ಚದರಡಿ ಖರ್ಚಿನಿಂದ ಗುಣಿಸಬೇಕು. ಉದಾಹರಣೆಗೆ 1,200 ಚದರಡಿ, ಚದರಡಿಗೆ 2,000 ರೂಪಾಯಿ ಎಂದಾದರೆ 24 ಲಕ್ಷ.

ಎರಡು, ಕಟ್ಟಡಕ್ಕೆ ಮಾಡಿಸಿದರೆ ಮನೆಸಾಮಾನಿಗೆ ಅದರ ಶೇಕಡಾ 20ರಷ್ಟು ತಾನಾಗಿಯೇ ಸೇರುತ್ತದೆ, ಗರಿಷ್ಠ 10 ಲಕ್ಷ. ಮೇಲಿನ ಉದಾಹರಣೆಯಲ್ಲಿ 4.8 ಲಕ್ಷ. ಇದಕ್ಕೆ ಪಟ್ಟಿ ಕೊಡಬೇಕಿಲ್ಲ. ಹೆಚ್ಚಿಗೆ ಬೇಕಿದ್ದರೆ ಪಟ್ಟಿ ಕೊಡಬೇಕು. ಚಿನ್ನದ ಒಡವೆಗೆ ಬೇರೆಯಾಗಿ ಸೇರಿಸಬೇಕು.

ಮೂರು, ಕಾಂಪೌಂಡು, ಗೇಟು, ನೀರಿನ ತೊಟ್ಟಿ, ಗೋಬರ್ ಗ್ಯಾಸ್, ಸೋಲಾರ್ ಇವೂ ಕಟ್ಟಡದ ಲೆಕ್ಕಕ್ಕೆ ಬರುತ್ತವೆ. ಮೊತ್ತ ಹೇಳುವಾಗ ಇವುಗಳನ್ನೂ ಸೇರಿಸಿಕೊಳ್ಳಿ.

ನಾಲ್ಕು, ಪಾಲಿಸಿಯನ್ನು 10 ವರ್ಷದವರೆಗೆ ಒಟ್ಟಿಗೆ ಮಾಡಿಸಬಹುದು. ವಿಮೆಯ ಮೊತ್ತ ವರ್ಷಕ್ಕೆ ಶೇಕಡಾ 10ರಂತೆ ತಾನಾಗಿ ಏರುತ್ತದೆ. ಮನೆ ರಿಪೇರಿಯಾಗುವವರೆಗೆ ಬೇರೆ ಕಡೆ ಇರುವ ಬಾಡಿಗೆಗೂ ಅವಕಾಶವಿದೆ.

ಈಗ ನಮ್ಮಂಥವರು ಎಡವುವ ಜಾಗ. ಮಾರಾಟಕ್ಕೆ ಇಟ್ಟ ಅಡಿಕೆ, ಕಾಳುಮೆಣಸು, ಭತ್ತ ಇವೆಲ್ಲ ಮನೆಸಾಮಾನಲ್ಲ. ಅದು ದಾಸ್ತಾನು. ನನ್ನ 7 ಮೂಟೆ ಅಡಿಕೆ ಗೃಹವಿಮೆ ಜೀವಂತ ಇದ್ದಿದ್ದರೂ ಸಿಗುತ್ತಿರಲಿಲ್ಲ. ದಾಸ್ತಾನಿಗೆ ಬೇರೆ ಪಾಲಿಸಿಯೇ ಬೇಕು. ದನಗಳ ವಿಮೆ ಬೇರೆ. ಅಡಿಕೆ ತೋಟದ ಹವಾಮಾನ ಆಧಾರಿತ ಬೆಳೆ ವಿಮೆಯೂ ಬೇರೆ. ಅದು ಪಂಚಾಯ್ತಿಯ ಮಳೆಮಾಪಕದ ಅಂಕಿ ನೋಡುತ್ತದೆಯೇ ಹೊರತು ನಿಮ್ಮ ತೋಟದಲ್ಲಿ ನಿಂತ ನೀರನ್ನಲ್ಲ. ಮಣ್ಣಿನ ಗೋಡೆ, ಸೋಗೆ ಮಾಡಿನ ಮನೆಯವರು ಅದನ್ನು ಅರ್ಜಿಯಲ್ಲಿ ಸ್ಪಷ್ಟವಾಗಿ ಬರೆಯಬೇಕು. ಮುಚ್ಚಿಟ್ಟರೆ ಮುಂದೆ ತೊಂದರೆ. ಹಂಚು ಸೋರಿ ಗೋಡೆ ಹಾಳಾದರೆ ಅದು ನೆರೆಯಲ್ಲ, ನಮ್ಮ ಸೋಮಾರಿತನ. ಅದಕ್ಕೆ ವಿಮೆ ಇಲ್ಲ.

ನೀರು ಅಂಗಳಕ್ಕೆ ಬಂದ ಮೇಲೆ ವಿಮೆ ಮಾಡಿಸಲಾಗದು. ಬೇಸಿಗೆಯಲ್ಲೇ ಎರಡು ಮೂರು ಕಂಪನಿಗಳಲ್ಲಿ ಕಂತು ಕೇಳಿ ಹೋಲಿಸಿ ನೋಡಿ.

ನೀರು ಬರುವ ಮೊದಲು, ಇಳಿದ ಮೇಲೆ

ಮೇ ತಿಂಗಳಲ್ಲೇ ಮನೆಯ ಪ್ರತಿ ಕೋಣೆಯ ಫೋಟೋ ತೆಗೆದು ಊರಲ್ಲಿಲ್ಲದ ಮಗನಿಗೋ ಮಗಳಿಗೋ ಕಳಿಸಿಡಿ. ಪಹಣಿ, ಖಾತೆ, ಪಾಲಿಸಿ, ಪಾಸ್‌ಪುಸ್ತಕ ಒಂದೇ ಚೀಲದಲ್ಲಿ ಅಟ್ಟದ ಮೇಲಿರಲಿ. ಅಡಿಕೆ ಮೂಟೆಗಳನ್ನು ಜುಲೈಯೊಳಗೆ ಅಟ್ಟಕ್ಕೋ ಸೊಸೈಟಿಯ ಗೋದಾಮಿಗೋ ಸಾಗಿಸಿ. ನೀರು ಏರುವ ಸೂಚನೆ ಇದ್ದರೆ ಮೊದಲು ಮೇನ್ ಸ್ವಿಚ್ ತೆಗೆಯಿರಿ, ಆಮೇಲೆ ದನದ ಹಗ್ಗ ಬಿಚ್ಚಿ. ಜಿಲ್ಲಾಡಳಿತದ ತುರ್ತು ಸಂಖ್ಯೆ 1077 ಗೋಡೆಯ ಮೇಲೆ ಬರೆದಿರಲಿ. ಹೊಳೆ ಮೆಟ್ಟಿಲಿಗೆ ಬಂದಾಗ ಸಾಮಾನಿನ ಆಸೆಗೆ ಒಳಗೆ ನಿಲ್ಲಬೇಡಿ.

ನೀರು ಇಳಿದ ಕೂಡಲೇ ಎಲ್ಲವನ್ನೂ ತೊಳೆದು ಎಸೆಯುವುದು ನಮ್ಮ ಹೆಂಗಸರ, ಗಂಡಸರ ಎಲ್ಲರ ಅಭ್ಯಾಸ. ಸ್ವಲ್ಪ ತಡೆಯಿರಿ. ಗೋಡೆಯ ಕೆಸರಿನ ಗೆರೆ ಸಮೇತ ಫೋಟೋ ತೆಗೆಯಿರಿ. ವಿಮಾ ಕಂಪನಿಗೆ ಅದೇ ದಿನ ತಿಳಿಸಿ, ದೂರು ಸಂಖ್ಯೆ ಬರೆದಿಟ್ಟುಕೊಳ್ಳಿ. ಕ್ಲೇಮ್ ಅರ್ಜಿಯನ್ನು 30 ದಿನದೊಳಗೆ ಕೊಡಬೇಕು. ಸರ್ವೇಯರ್ ನೋಡುವವರೆಗೆ ಹಾಳಾದ ಸಾಮಾನು ಒಂದು ಬದಿಗಿರಲಿ. ಗ್ರಾಮ ಆಡಳಿತಾಧಿಕಾರಿಯ ಪಂಚನಾಮೆಯ ಪ್ರತಿ ಕೇಳಿ ಪಡೆಯಿರಿ, ಅದು ಪರಿಹಾರಕ್ಕೂ ಬೇಕು, ವಿಮೆಗೂ ಸಾಕ್ಷಿ. ಕಂಪನಿಯ ಉತ್ತರ ಸರಿ ಕಾಣದಿದ್ದರೆ ಬೆಂಗಳೂರಿನಲ್ಲಿ ವಿಮಾ ಓಂಬುಡ್ಸ್‌ಮನ್ ಕಚೇರಿ ಇದೆ. ಅಲ್ಲಿ ದೂರು ಕೊಡಲು ಶುಲ್ಕವಿಲ್ಲ, ವಕೀಲರೂ ಬೇಡ.

ಕೊನೆಗೆ, ಗುರುತು ಅಳಿಸಬೇಡಿ. ಮನೆಗೆ ಸುಣ್ಣ ಬಳಿಯುವಾಗ 2019ರ ಗೆರೆಯನ್ನು ಬಣ್ಣದಲ್ಲಿ ಬರೆದು ವರ್ಷ ಹಾಕಿ. ಶಾಲೆಯ ಗೋಡೆ, ಲೈಟು ಕಂಬಗಳಿಗೂ ಹೀಗೆ ಗುರುತು ಹಾಕಿಸಿ ಎಂದು ಗ್ರಾಮಸಭೆಯಲ್ಲಿ ಕೇಳಬಹುದು. ಒಂದು ಡಬ್ಬಿ ಬಣ್ಣದ ಖರ್ಚು. ಮುಂದೆ ಸೈಟು ಕೊಳ್ಳುವವರಿಗೆ ಅದಕ್ಕಿಂತ ಒಳ್ಳೆಯ ನಕ್ಷೆ ಬೇರಿಲ್ಲ.

ತಮ್ಮನ ಮನೆ ಹಳೆಯ ಕಣದ ಮೇಲಿನ ಏರಿನಲ್ಲಿ ಎದ್ದಿದೆ. ಅದಕ್ಕಾಗಿ 18 ಫಸಲಿನ ಅಡಿಕೆ ಮರ ಕಡಿಯಬೇಕಾಯಿತು, ಬಾವಿಯಿಂದ 300 ಅಡಿ ಪೈಪು ಎಳೆಯಬೇಕಾಯಿತು. ಮರ ಕಡಿದ ದಿನ ಅಮ್ಮ ಊಟ ಮಾಡಲಿಲ್ಲ. ಈಗ ಮಳೆಗಾಲದಲ್ಲಿ ಹೊರಹರಿವು ಏರಿದ ರಾತ್ರಿ ಅವರು ತಾವಾಗಿಯೇ ಚಾಪೆ ಹಿಡಿದು ಅಲ್ಲಿಗೆ ಮಲಗಲು ಹೋಗುತ್ತಾರೆ. ಕಾಗದಪತ್ರದ ಚೀಲವೂ ಅವರ ಜೊತೆಯೇ ಹೋಗುತ್ತದೆ.